ನಪಾಸಾದವರ ಇಟ್ಟಂಗಿ, ವಕೀಲರ ಪುಸ್ತಕ

ಹಳೇ ವಿದ್ಯಾರ್ಥಿಗಳಿಂದ ದೇಣಿಗೆ ಎತ್ತುವ ನೌಕರಿಯಲ್ಲಿ ಇರುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಫೋನು ಕೂಡ ಮಾಡದೆ ತಾನೇ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತದೆ.

ನಾನು ಬೆಳಗಾವಿಯ ಒಂದು ವಿಶ್ವವಿದ್ಯಾಲಯದಲ್ಲಿ ಹಳೇ ವಿದ್ಯಾರ್ಥಿಗಳ ವಿಭಾಗದ ಮುಖ್ಯಸ್ಥೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಈ ಸಂಸ್ಥೆ ಬರೀ ಕಾಲೇಜಾಗಿದ್ದ ಕಾಲಕ್ಕೆ ನಾನು ಅದರ ಗ್ರಂಥಾಲಯಕ್ಕೆ ಸಿಪಾಯಿಯಾಗಿ, ಅಂದರೆ ಜವಾನಳ ಕೆಲಸಕ್ಕೆ, ಬಂದವಳು. ಖಾನಾಪುರದಲ್ಲಿ ಏಳನೆಯ ಇಯತ್ತೆಗೇ ನನ್ನ ಸಾಲಿ ಮುಗಿದಿತ್ತು. ಪುಸ್ತಕದ ಧೂಳು ಒರೆಸುತ್ತ ಒಂದೊಂದು ಸಾಲು ಓದತೊಡಗಿದೆ. ದಿನ ಕಳೆದಂತೆ ಒರೆಸುವುದು ನಿಧಾನವಾಯಿತು, ಓದುವುದು ಜೋರಾಯಿತು. ಆಗಿನ ಗ್ರಂಥಪಾಲರು ಒಮ್ಮೆ ಹಿಡಿದೇಬಿಟ್ಟರು.

"ಕದ್ದು ಯಾಕ ಓದ್ತಿ? ಸಹಿ ಮಾಡಿ ಮನಿಗೆ ಒಯ್ಯಿ. ತಡಾ ಆದ್ರ ದಂಡ. ಹುಡುಗ್ರಿಗೆ ಹೆಂಗೋ ನಿನಗೂ ಹಂಗ."

ಹಾಗೆ ಒಯ್ದು ಒಯ್ದು ಓದಿದೆ, ಹೊರಗಿನಿಂದ ಪರೀಕ್ಷೆ ಕಟ್ಟಿದೆ, ಪದವಿ ಪಡೆದೆ, ಕಾರಕೂನಳಾದೆ. ಹಳೆಯ ಹುಡುಗರ ಮುಖ, ಊರು, ಅಡ್ಡಹೆಸರು ಎಲ್ಲ ನನಗೊಬ್ಬಳಿಗೇ ನೆನಪಿದ್ದವು, ಅದಕ್ಕೇ ಈ ವಿಭಾಗ ಶುರುವಾದಾಗ ನನ್ನನ್ನೇ ಕೂಡಿಸಿದರು. ಒಂದೇ ಕೊರಗು ಉಳಿದಿತ್ತು. ಎರಡು ಭಾಗದ ಒಂದು ಕಾದಂಬರಿಯ ಮೊದಲ ಭಾಗ ಓದಿ ಮುಗಿಸಿದ್ದೆ. ಎರಡನೆಯದನ್ನು ಯಾರೋ ಒಯ್ದವರು ತಿರುಗಿ ತರಲೇ ಇಲ್ಲ. ಕಥೆಯ ಹುಡುಗಿ ಗಂಡನ ಮನೆ ಬಿಟ್ಟು ಹೊಸ್ತಿಲು ದಾಟಿದಳೋ ಇಲ್ಲವೋ, ಮೂವತ್ತು ವರ್ಷ ತಿಳಿಯಲಿಲ್ಲ.

ಈಗ ನಿವೃತ್ತಿ ಹತ್ತಿರ ಬಂದಿದೆ. ನನಗಿದ್ದದ್ದು ಒಂದೇ ಹಟ. ಖಾನಾಪುರ, ದೇಸೂರ ಕಡೆಯಿಂದ ಹುಡುಗಿಯರು ಬೆಳಗಿನ ಗಾಡಿಗೆ ಬರುತ್ತಾರೆ. ಕ್ಲಾಸು ಹತ್ತೂವರೆಗೆ. ಅಲ್ಲಿಯವರೆಗೆ ಸೈಕಲ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಕೂತು ಓದುತ್ತಾರೆ. ನಾನು ನೌಕರಿ ಬಿಡುವ ಮೊದಲು ಸ್ಟ್ಯಾಂಡಿನ ಪಕ್ಕದ ಖಾಲಿ ಜಾಗದಲ್ಲಿ ಅವರಿಗೊಂದು ಓದುವ ಖೋಲಿ, ತಮ್ಮದೇ ಒಂದು ಕೋಣೆ, ಆಗಬೇಕು. ಹಳೇ ವಿದ್ಯಾರ್ಥಿಗಳ ಸಂಘದ ಹಿರಿಯರ ಮನಸ್ಸಿನಲ್ಲಿದ್ದದ್ದು ಬೇರೆ. ಅವರು ಬಂದರೆ ಇಳಿದುಕೊಳ್ಳಲು ಅದೇ ಜಾಗದಲ್ಲಿ ಎಸಿ ಅತಿಥಿಗೃಹ ಬೇಕಂತೆ.

೧. ಫ್ಯಾನಿನ ರೆಕ್ಕೆ

ಒಬ್ಬ ಬಟ್ಟೆ ವ್ಯಾಪಾರಿಗಳು, ನಮ್ಮ ಹಳೇ ವಿದ್ಯಾರ್ಥಿ, ಒಂದು ಕ್ಲಾಸಿಗೆ ಫ್ಯಾನು ಕೊಟ್ಟರು. ಮೂರು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಹೆಸರು ಬರೆಸಿದ್ದರು. ಒಂದರ ಮೇಲೆ ತಂದೆಯವರದು, ಇನ್ನೊಂದರ ಮೇಲೆ ತಾಯಿಯವರದು, ಮೂರನೆಯದರ ಮೇಲೆ ತಮ್ಮದು.

ಮೇ ತಿಂಗಳಲ್ಲಿ ಬೀಗರನ್ನು ಕರೆದುಕೊಂಡು ಬಂದರು. ಕ್ಲಾಸು ನಡೆದಿತ್ತು. ಇವರು ಬಾಗಿಲಲ್ಲಿ ನಿಂತು, "ಸರ, ಒಂದೆರಡು ನಿಮಿಷ ಫ್ಯಾನ್ ಬಂದ್ ಮಾಡ್ತೀರೇನ್ರಿ? ನಮ್ಮ ಬೀಗರು ಹೆಸರು ಓದಬೇಕಂತಾರ" ಎಂದರು.

ಮುಂದಿನ ತಿಂಗಳು ಅಳಿಯ ಬಂದ. ಅದರ ಮುಂದಿನ ತಿಂಗಳು ಸೋಲಾಪುರದ ಕಾಕಾ. ಪ್ರತಿ ಸಲ ಫ್ಯಾನು ನಿಲ್ಲಬೇಕು, ಅರವತ್ತು ಮಕ್ಕಳು ಬೆವರಬೇಕು, ಬಂದವರು ಕತ್ತೆತ್ತಿ ಓದಿ "ಬರೋಬ್ಬರಿ ಐತಿ" ಅನ್ನಬೇಕು. ಪ್ರಾಧ್ಯಾಪಕರು ನನ್ನ ಟೇಬಲ್ಲಿಗೆ ಬಂದು, "ಅಕ್ಕಾರ, ಒಂದೋ ಆ ಫ್ಯಾನ್ ಇರಬೇಕು, ಇಲ್ಲಾ ನಾ ಇರಬೇಕು" ಅಂದರು.

ನಾನು ವ್ಯಾಪಾರಿಗಳ ಅಂಗಡಿಗೆ ಹೋದೆ. "ಸಾವಕಾರ್ರ, ನಿಮ್ಮ ಹೆಸರು ತಿರಗೂ ಜಾಗದಾಗ ಯಾಕ? ಸ್ವಿಚ್ಚಿನ ಮ್ಯಾಲೆ ಬರಸೂಣು. ಗಾಳಿ ಬೇಕಂದವ್ರು ಮೊದಲ ನಿಮ್ಮ ಹೆಸರು ಮುಟ್ಟಬೇಕಾಕ್ಕೈತಿ."

ಅವರಿಗೆ ಹಿಡಿಸಿತು. ಬರೆಸಿದೆವು. ವರ್ಷದ ಮೇಲೆ ನೋಡಲು ಬಂದಾಗ ಹೆಸರು ಪೂರಾ ಅಳಿಸಿಹೋಗಿತ್ತು. ಇನ್ನು ಜಗಳಕ್ಕೇ ಬರುತ್ತಾರೆಂದು ನಾನು ಸೆರಗು ಬಿಗಿದು ನಿಂತರೆ, ಅವರು ಬೀಗರ ಕಡೆ ತಿರುಗಿ ಎದೆಯುಬ್ಬಿಸಿ ಹೇಳಿದರು: "ನೋಡ್ರಿ, ಎಷ್ಟು ಮಂದಿ ಮುಟ್ಯಾರ."

ಓದುವ ಖೋಲಿಗೆ ನಾಲ್ಕು ಫ್ಯಾನು ಅಲ್ಲೇ ಒಪ್ಪಿಕೊಂಡರು. ಕರಾರು ಒಂದೇ, ಸ್ವಿಚ್ಚೂ ನಾಲ್ಕೇ ಇರಬೇಕು.

೨. ತಿರುಗುವ ಶಾಲು

ನಮ್ಮಲ್ಲಿ ದೇಣಿಗೆ ಕೇಳುವ ಮುಂಚೆ ಶಾಲು ಹೊದಿಸಬೇಕು, ಕೊಟ್ಟ ಮೇಲೆ ಮತ್ತೊಂದು. ನನಗೊಂದು ಗುಮಾನಿ ಇತ್ತು. ಒಂದು ಶಾಲಿನ ಮೂಲೆಗೆ ಹಸಿರು ದಾರದ ಸಣ್ಣ ಗಂಟು ಹಾಕಿ ಸದಾಶಿವನಗರದ ಒಬ್ಬ ಡಾಕ್ಟರಬಾಯಿಗೆ ಹೊದಿಸಿ ಬಂದೆ.

ನಾಲ್ಕು ತಿಂಗಳ ನಂತರ ಮಹಾಂತೇಶ ನಗರದಲ್ಲಿ ಮಹಿಳಾ ಮಂಡಳದವರು ನನಗೇ ಸನ್ಮಾನ ಇಟ್ಟುಕೊಂಡರು. ಹೆಗಲಿಗೆ ಶಾಲು ಬಿತ್ತು. ಮೂಲೆ ತಡವಿದೆ, ಹಸಿರು ಗಂಟು.

ಮರುದಿನ ಡಾಕ್ಟರಬಾಯಿಯ ಮನೆಗೆ ಹೋಗಿ ತೋರಿಸಿದೆ. ಅವರು ನಾಚಲಿಲ್ಲ. ಕಪಾಟು ತೆರೆದರು. ಒಳಗೆ ಶಾಲಿನ ಗುಡ್ಡೆ.

"ಏನ್ ಮಾಡ್ಲಿ ಹೇಳ್ರಿ? ನನಗಿರೂದು ಎರಡ ಹೆಗಲು."

"ಕೊಡ್ರಿ ಇಲ್ಲೆ" ಅಂದೆ. ಅವರ ಮನೆಯವಷ್ಟೇ ಅಲ್ಲ, ಊರಲ್ಲಿ ಸನ್ಮಾನ ಆದವರ ಮನೆಗೆಲ್ಲ ಹೋಗಿ ಶಾಲು ಎತ್ತಿ ತಂದೆ. ಡಿಸೆಂಬರಿನ ಥಂಡಿಯಲ್ಲಿ ಮೆಟ್ಟಿಲ ಮೇಲೆ ನಡುಗುತ್ತ ಓದುವ ನನ್ನ ಹುಡುಗಿಯರಿಗೆ ಒಂದೊಂದು ಹೊದಿಸಿದೆ.

ಒಂದು ಮುಂಜಾನೆ ಕುಲಪತಿಗಳು ವಾಕಿಂಗಿಗೆ ಬಂದವರು ಸೈಕಲ್ ಸ್ಟ್ಯಾಂಡಿನ ಎದುರು ನಿಂತುಬಿಟ್ಟರು. ಜರಿ ಅಂಚಿನ ಶಾಲು ಹೊದ್ದು ಮೂವತ್ತು ಹುಡುಗಿಯರು ಸಾಲಾಗಿ ಕೂತಿದ್ದರು. ಅಲ್ಲೇ ಇದ್ದ ನನ್ನನ್ನು ಕೇಳಿದರು:

"ಏನ್ ಬಾಯಾರ ಇದು, ಇಷ್ಟು ಮಂದಿಗೆ ಸನ್ಮಾನ ಯಾವಾಗ ಮಾಡಿದ್ರಿ?"

"ಕತ್ತಲದಾಗ ಎದ್ದು ರೊಟ್ಟಿ ಬಡದು, ಗಾಡಿ ಹಿಡದು ಓದಾಕ ಬರ್ತಾರ್ರಿ ಸರ. ಸನ್ಮಾನಕ್ಕ ಇದಕ್ಕಿಂತ ಹೆಚ್ಚು ಮತ್ತೇನು ಮಾಡಬೇಕ್ರಿ?"

ಖೋಲಿಯ ಅರ್ಜಿ ಆ ದಿನವೇ ಅವರ ಟೇಬಲ್ ದಾಟಿತು. ಜಾಗ ಕೊಟ್ಟರು, ಕಟ್ಟುವ ಭಾರ ಸಂಘಕ್ಕೆ ಬಿಟ್ಟರು. ಜಾಗದಲ್ಲಿ ಏನು ಕಟ್ಟಬೇಕೆಂಬುದನ್ನು ಸಂಘದ ಸಭೆಯೇ ಠರಾಯಿಸಬೇಕು.

೩. ನಪಾಸಿನ ಇಟ್ಟಂಗಿ

ಖಾನಾಪುರದ ಹೊರಗೆ ಒಬ್ಬರದು ಇಟ್ಟಂಗಿ ಭಟ್ಟಿ. ನಮ್ಮ ಕಾಲೇಜಿನವರೇ. ಆದರೆ ಮೂವತ್ತು ವರ್ಷದಲ್ಲಿ ಒಂದು ಸಭೆಗೂ ಬಂದವರಲ್ಲ. ನಾನೇ ಹೋದೆ.

ನನ್ನನ್ನು ನೋಡಿ ಒಳಗೆ ಹೆಂಡತಿಗೆ ಮರಾಠಿಯಲ್ಲಿ ಚಹಾ ಇಡಲು ಕೂಗಿ ಹೇಳಿ, ನನ್ನ ಕಡೆ ಕನ್ನಡದಲ್ಲಿ ತಿರುಗಿದರು.

"ಕುಂದರ್ರಿ ಬಾಯಾರ. ಆದ್ರ ನೀವು ತಪ್ಪು ಮನಿಗೆ ಬಂದೀರಿ. ನಾ ಹಳೇ ವಿದ್ಯಾರ್ಥಿ ಅಲ್ಲ, ನಪಾಸ್ ವಿದ್ಯಾರ್ಥಿ. ಡಿಗ್ರಿ ಇಲ್ಲ."

"ಎಷ್ಟು ವರ್ಷ ಇದ್ರಿ ಕಾಲೇಜಿನಾಗ?"

"ಆರು."

"ಪಾಸಾದವ್ರು ಮೂರು ವರ್ಷಕ್ಕ ಓಡಿ ಹೋದ್ರು. ನೀವು ಅವರಕಿಂತ ಡಬಲ್ ಇದ್ರಿ. ನಿಮ್ಮಷ್ಟು ಹಳೇ ವಿದ್ಯಾರ್ಥಿ ಇನ್ನೊಬ್ಬರು ಇದ್ರ ತೋರಸ್ರಿ."

ಚಹಾ ತಂದ ಹೆಂಡತಿ, "ಹೌದಲ್ರೀ, ಇದನ್ನ ಯಾರೂ ಹಿಂಗ ಹೇಳಿದ್ದಿಲ್ಲ" ಅಂದರು. ಆಮೇಲೆ ಭಟ್ಟಿಯವರು ಎದ್ದು, ಖೋಲಿಗೆ ಬೇಕಾದ ಇಟ್ಟಂಗಿ ಅಷ್ಟೂ ತಮ್ಮದೇ ಎಂದು ಮಾತು ಕೊಟ್ಟರು.

"ಗ್ವಾಡಿ ಮ್ಯಾಲೆ ನಿಮ್ಮ ಹೆಸರು ಬರಸೂಣೇನ್ರಿ?" ಎಂದು ಕೇಳಿದೆ.

"ಹೆಸರು ಬ್ಯಾಡ. ಒಂದ ಕರಾರು. ಆ ಖೋಲ್ಯಾಗ ಯಾವತ್ತೂ ಪರೀಕ್ಷಾ ನಡಸಬಾರದು."

೪. ಯಾವ ಬ್ಯಾಚು?

ಸಂಘದ ಸಭೆ ಕೂಡಿತು. ನಾನು ಖೋಲಿಯ ಠರಾವು ಓದಿ ಕೂತೆ. ಅತಿಥಿಗೃಹದ ಪರವಾಗಿದ್ದ ಒಬ್ಬ ಹಿರಿಯ ವಕೀಲರು ನಿಯಮದ ಪುಸ್ತಕ ಹಿಡಿದು ಎದ್ದರು.

"ಬಾಯಾರ ಮ್ಯಾಲೆ ನನಗ ಗೌರವ ಐತಿ. ಆದ್ರ ಈ ಸಭಾದಾಗ ಠರಾವು ಮಂಡಿಸೋರು ಇಲ್ಲೀ ಹಳೇ ವಿದ್ಯಾರ್ಥಿ ಆಗಿರಬೇಕಂತ ನಿಯಮ ಐತಿ. ಬಾಯಾರು ಯಾವ ಬ್ಯಾಚು?"

ನನ್ನ ಪದವಿ ಹೊರಗಿನದು. ಇಲ್ಲಿಯ ಒಂದು ಬೆಂಚಿನ ಮೇಲೂ ನಾನು ಕೂತವಳಲ್ಲ, ಎಲ್ಲ ಬೆಂಚು ಒರೆಸಿದವಳು. ಠರಾವು ಬಿದ್ದರೆ ಅತಿಥಿಗೃಹ ಏಳುತ್ತದೆ, ನನ್ನ ಹುಡುಗಿಯರು ಮೆಟ್ಟಿಲ ಮೇಲೇ ಉಳಿಯುತ್ತಾರೆ. ಆದರೂ ನಾನು ತಲೆ ತಗ್ಗಿಸಲಿಲ್ಲ.

ಮುಂದಿನ ಸಾಲಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ನಮ್ಮ ಹಳೆಯ ಗ್ರಂಥಪಾಲರು ಕೈ ಎತ್ತಿದರು. "ನನ್ನ ಕಾಲದ ರಜಿಸ್ಟರ್ ತರಸ್ರಿ."

ಕಪಾಟಿನಿಂದ ನಾನೇ ತಂದೆ. ಅವರು ಪುಟ ತೆಗೆದರು. "ಇಲ್ಲಿ ನೋಡ್ರಿ. ಈಕೀ ಸಹಿ. ಬಾಜೂಕ ದಂಡ. ನಾ ವಿದ್ಯಾರ್ಥಿಗಳಿಗೆ ಬಿಟ್ಟು ಬ್ಯಾರೆಯವ್ರಿಗೆ ದಂಡಾ ಹಾಕಿದಂವ ಅಲ್ಲ. ಹಾಕೇನಿ, ಈಕಿ ತುಂಬ್ಯಾಳ. ದಂಡಾ ತಗೊಂಡು ವಿದ್ಯಾರ್ಥಿ ಅಲ್ಲ ಅಂದ್ರ ಹೆಂಗ?"

ಚಪ್ಪಾಳೆ ಬಿತ್ತು. ವಕೀಲರು ಸೋಲುವವರಲ್ಲ.

"ಇರಲಿ. ಆದ್ರ ಮುಂದಿನ ನಿಯಮ ಕೇಳ್ರಿ. ಗ್ರಂಥಾಲಯದ ಪುಸ್ತಕ ಬಾಕಿ ಇಟ್ಟವ್ರು ಸದಸ್ಯರಲ್ಲ. ಬಾಯಾರ ಪುಸ್ತಕ ಎಲ್ಲಾ ತಿರುಗಿ ಬಂದಾವೇನು?"

ಗ್ರಂಥಪಾಲರು ಮತ್ತೆ ಬಗ್ಗಿದರು. ಪುಟ ಮಗುಚಿದರು, ಇನ್ನೊಂದು ಮಗುಚಿದರು. "ಈಕಿವು ಎಲ್ಲಾ ಬಂದಾವ." ಕನ್ನಡಕದ ಮೇಲಿನಿಂದ ವಕೀಲರನ್ನೇ ನೋಡಿದರು. "ಈ ಪುಟದಾಗ ಒಂದ ಪುಸ್ತಕ ಬಾಕಿ ಐತಿ. ನಿಮ್ಮದು, ವಕೀಲ ಸಾಹೇಬ್ರ."

ಪುಸ್ತಕದ ಹೆಸರು ಓದಿದರು. ನಾನು ಮೂವತ್ತು ವರ್ಷ ಕಾದ ಅದೇ ಎರಡನೆಯ ಭಾಗ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಸಾಲಿನಿಂದ ಭಟ್ಟಿಯವರು, "ನಾ ನಪಾಸಾದಂವ ಖರೇ, ಆದ್ರ ಒಂದೂ ಪುಸ್ತಕ ಬಾಕಿ ಇಟ್ಟಿಲ್ರಿ. ಒಂದೂ ತಗೊಂಡಿದ್ದಿಲ್ಲ" ಎಂದು ಕೂಗಿದರು.

ವಕೀಲರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರೂ ನಕ್ಕರು. ನಿಯಮದ ಪುಸ್ತಕ ಮಡಚಿ, ಖೋಲಿಯ ಪರ ಕೈ ಎತ್ತಿ ಹೇಳಿದರು: "ಮನ್ಯಾಗ ಐತ್ರಿ ಆ ಪುಸ್ತಕ. ತಂದು ಇಡಾಕ ಒಂದು ಖೋಲಿ ಬೇಕಲ್ಲ. ನಂದೂ ಕೈ ಐತಿ. ಸದಸ್ಯ ಅಲ್ಲದಂವನ ಕೈ ಎಣಸ್ತಾರೋ ಇಲ್ಲೋ, ಅದನ್ನ ಬಾಯಾರ ಹೇಳಬೇಕು."

ಎಣಿಸಿದೆ. ಮೊದಲು ಅದನ್ನೇ.

೫. ಕದ ಕಾಯುವವಳು

ಖೋಲಿ ಎದ್ದಿತು. ಖಾನಾಪುರದ ಇಟ್ಟಂಗಿ, ನಾಲ್ಕು ಫ್ಯಾನು, ನಾಲ್ಕು ಸ್ವಿಚ್ಚು. ನಸುಕಿನ ಗಾಡಿ ಇಳಿದ ಹುಡುಗಿಯರು ಸೀದಾ ಒಳಗೆ ಬಂದು ಕೂರುತ್ತಾರೆ. ಪಾಳಿಯ ಮೇಲೆ ತಾವೇ ನಡೆಸುತ್ತಾರೆ. ಪರೀಕ್ಷೆ ನಡೆಸುವುದಿಲ್ಲ, ಕೊಟ್ಟ ಮಾತು.

ವಕೀಲರು ವರ್ತಮಾನಪತ್ರಿಕೆಯಲ್ಲಿ ಸುತ್ತಿದ ಪುಸ್ತಕವನ್ನು ಖೋಲಿಗೇ ತಂದು ನನ್ನ ಕೈಗಿಟ್ಟರು. "ಮಾಫ್ ಮಾಡ್ರಿ ಬಾಯಾರ. ಮೊದಲನೇ ಭಾಗ ಸಿಗಲಿಲ್ಲಂತ ನಾ ಇದನ್ನ ಓದೇ ಇಲ್ಲ."

ಆ ಮೊದಲ ಭಾಗ ಆ ದಿನಗಳಲ್ಲಿ ನನ್ನ ಹತ್ತಿರವೇ ಇತ್ತು ಎಂದು ನಾನು ಹೇಳಲಿಲ್ಲ. ನನ್ನ ಹೆಸರಿನ ಮುಂದಿದ್ದ ದಂಡ ಅದರದ್ದೇ.

ಪುಸ್ತಕವನ್ನು ಖೋಲಿಯ ದಾಖಲೆಗೆ ಸೇರಿಸಿ, ಚೀಲಕ್ಕೆ ಹಾಕಿ ಮನೆಗೆ ಹೊರಟೆ. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಅಂದಿನ ಪಾಳಿಯ ದೇಸೂರಿನ ಹುಡುಗಿ ಎದ್ದು ನಿಂತಳು.

"ಬಾಯಾರ, ಪುಸ್ತಕಾ ಇಲ್ಲೇ ಇಡ್ರಿ."

"ನಾ ಯಾರಂತ ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಹಳೇ ವಿದ್ಯಾರ್ಥಿ. ಇಡೀ ಸಭಾನ ಒಪ್ಪೈತಲ್ರಿ."

ಗೋಡೆಯ ಫಲಕದ ಕಡೆ ಬೆರಳು ತೋರಿಸಿದಳು. 'ಹಳೇ ವಿದ್ಯಾರ್ಥಿಗಳಿಗೆ ಪುಸ್ತಕ ಮನೆಗೆ ಕೊಡಲಾಗುವುದಿಲ್ಲ.' ವಕೀಲರ ಪ್ರಸಂಗ ಆದ ಮರುದಿನವೇ ನಾನೇ ಹಟ ಮಾಡಿ ಮಾಡಿಸಿದ್ದ ನಿಯಮ. ಕೆಳಗೆ ನನ್ನದೇ ಸಹಿ.

ಅವಳ ಮುಖ ನೋಡಿದೆ. ಒಂದಿಷ್ಟೂ ಸಡಿಲಾಗುವ ಲಕ್ಷಣ ಇರಲಿಲ್ಲ. ನನಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಹೆಮ್ಮೆ. ಒಳಗೆ ಹೋಗಿ ಸ್ವಿಚ್ಚು ಒತ್ತಿ, ಹುಡುಗಿಯರ ನಡುವೆ ಜಾಗ ಮಾಡಿಕೊಂಡು ಮೊದಲ ಪುಟ ತೆರೆದೆ. ಕಥೆಯ ಹುಡುಗಿ ಇನ್ನೂ ಹೊಸ್ತಿಲ ಮೇಲೇ ನಿಂತಿದ್ದಳು.

ಬಾಗಿಲಿಂದ ದನಿ ಬಂತು. "ಬಾಯಾರ, ಲಗೂನ ಓದ್ರಿ. ಸಂಜಿ ಗಾಡಿ ಟೈಮಿಗೆ ಕೀಲಿ ಹಾಕ್ತೇನಿ."