ಮಾವ ಕಾರಿನ ಬ್ಯಾಟರಿ ನೋಡಿದ್ದು

ನಮ್ಮ ಮನೆಯೋರು ಏನೇ ತಗೊಳ್ಳೋಕೆ ಹೋದ್ರೂ ಮೊದಲು ಮಾನ ಹೋಗುತ್ತೆ, ಆಮೇಲೆ ಸಾಮಾನು ಬರುತ್ತೆ. ಈ ಸಲ ಸಾಮಾನು ಒಂದು ಹಳೇ ಕಾರು. ಮನೆ ಪ್ಲಗ್ಗಿಗೆ ಸಿಗಿಸಿ ಚಾರ್ಜ್ ಮಾಡಿದ್ರೆ ಬ್ಯಾಟರೀಲಿ ಸದ್ದಿಲ್ಲದೆ ಓಡುತ್ತೆ. ಬ್ಯಾಟರಿ ಮುಗಿದ್ರೆ ಪೆಟ್ರೋಲ್ ಇಂಜಿನ್ ತಾನೇ ಎದ್ದು ಗುರ್ ಅನ್ನುತ್ತೆ. ನಮ್ಮೂರು ಕೈಲಾಂಚದಿಂದ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬರೀ ಕರೆಂಟಲ್ಲೇ ಹೋಗಿ ಬರಬೇಕು ಅಂತ ನಮ್ಮ ಮಾವನ ಆಸೆ. ಅದಕ್ಕೆ ಅತ್ತೆಯ ಎರಡು ಸೀಮೆಹಸು ಮಾರಬೇಕಿತ್ತು.

ಅತ್ತೆ ಅಂದ್ರು, "ಬ್ಯಾಟರಿ ಗಟ್ಟಿ ಇದ್ರೆ ಹಸ ಬಿಚ್ಕೊಂಡೋಗಿ. ಇಲ್ದಿದ್ರೆ ಹಗ್ಗ ಮುಟ್ಬ್ಯಾಡಿ."

ಅವತ್ತಿಂದ ಮಾವ ಕೂತಲ್ಲಿ ಕೂರಲಿಲ್ಲ. ನಾನೂ ಕೂರೋಕಾಗದೆ ಒಂಬತ್ತನೇ ಕ್ಲಾಸಿಂದ ಎದ್ದು ಬಂದೋನು, ಹಿಂದೇನೇ ಹೊರಟೆ.

ಎಷ್ಟನೇ ಸೂಲು

ಕಾರು ಚನ್ನಪಟ್ಟಣದಲ್ಲಿತ್ತು. ಮಾವ ಹಸು ನೋಡೋ ಥರ ಒಂದು ಸುತ್ತು ಬಂದು, ಬೆನ್ನು ತಟ್ಟಿ, ಬಾನೆಟ್ ಎತ್ತಿಸಿ ಬಗ್ಗಿ ನೋಡಿದ್ರು. ಆಮೇಲೆ, ಹಸು ಎಷ್ಟು ಸಲ ಕರು ಹಾಕೈತೆ ಅಂತ ವಿಚಾರಿಸೋ ಅಭ್ಯಾಸಬಲದಿಂದ ಕೇಳೇಬಿಟ್ರು, "ಎಷ್ಟನೇ ಸೂಲು?"

ಮಾರೋನು ತಲೆ ಕೆರೆದುಕೊಂಡ. ನಾನು, "ಎಷ್ಟು ಜನರ ಕೈ ದಾಟೈತೆ ಅಂತ ಕಣಣ್ಣ" ಅಂದೆ.

"ನಾನು ಮೂರನೇ ಓನರು."

ಮಾವ ನನ್ನ ಕಿವಿಗೆ ಬಗ್ಗಿದ್ರು, "ಮೂರನೇ ಸೂಲಲ್ಲೇ ಕಣ್ಲಾ ಹಾಲು ಜಾಸ್ತಿ!"

ನೀರು ಬಿಡೋಕೆ ಬಂದೋನು

ಅತ್ತೆ ಇದನ್ನ ಒಪ್ತಾರಾ? "ತಿಳಿದೋರು ನೋಡ್ಲಿ" ಅಂದ್ರು. ಮಾವ ನಮ್ಮೂರ ಇನ್ವರ್ಟರ್ ರಿಪೇರಿಯವನನ್ನ ಎಳಕೊಂಡು ಬಂದ್ರು. ಅವನು ಡಿಸ್ಟಿಲ್ಡ್ ವಾಟರ್ ಕ್ಯಾನ್ ಹಿಡ್ಕೊಂಡು ಕಾರೆಲ್ಲಾ ತಡಕಿದ. ಕೊನೆಗೆ ಡಿಕ್ಕಿಯ ಮೂಲೇಲಿ ಬ್ಯಾಟರಿ ಸಿಕ್ತು. ಮೀಟರ್ ಹಚ್ಚಿದ. "ಚಿನ್ನದಂಗೈತೆ ಯಜಮಾನ್ರೇ!"

ಮಾವ ಅಲ್ಲೇ ಕೈ ಮುಗಿದ್ರು. ಮಾರೋನು ಬಾಯಿ ಬಿಟ್ಟ, "ಅದು ಲೈಟು, ಹಾರನ್ನಿಗೆ ಇರೋ ಚಿಕ್ಕ ಬ್ಯಾಟರಿ ಕಣಣ್ಣ. ಹೋದ ವಾರ ಹೊಸದು ಹಾಕ್ಸಿದೆ. ಕಾರು ಓಡ್ಸೋದು ಸೀಟಿನಡಿ ಐತೆ, ಬಿಚ್ಚಂಗಿಲ್ಲ."

ರಿಪೇರಿಯವನು ಸೋಲಲಿಲ್ಲ. "ಹಂಗಾದ್ರೆ ಹಾರನ್ನಿಗೆ ನಾನು ಗ್ಯಾರಂಟಿ!"

ಗುರ್ ಅಂದೋರ್ಯಾರು

ಕೊನೆಗೆ ಅತ್ತೇನೇ ಬಂದ್ರು. ನಮ್ಮ ಕಣ್ಣೆದುರೇ ಫುಲ್ ಚಾರ್ಜ್ ಆಯ್ತು. ಚನ್ನಪಟ್ಟಣ ಬಿಟ್ಟು ರಾಮನಗರ ಮಾರ್ಕೆಟ್ ಮುಟ್ಟೋವರೆಗೂ ಇಂಜಿನ್ ಉಸಿರೆತ್ತಬಾರದು ಅಂತ ಮಾತಾಯ್ತು. ಮಾರೋನು ಸ್ಟೀರಿಂಗ್ ಹಿಡಿದ, ಪಕ್ಕದಲ್ಲಿ ಮಾವ, ಹಿಂದೆ ಅತ್ತೆ ಮತ್ತು ನಾನು.

ಎಲ್ಲರ ಕಿವಿ ನೆಟ್ಟಗೆ. ನನಗೆ ತಡೆಯೋಕಾಗಲಿಲ್ಲ. ಗಂಟಲಲ್ಲೇ "ಗುರ್ರ್ರ್" ಅಂದೆ. ಮಾವ ಸೀಟಿಂದ ಒಂದು ಗೇಣು ಮೇಲೆದ್ರು. ನಾನು ಕಿಸಕ್ಕನೆ ನಕ್ಕೆ, ಅತ್ತೆಯಿಂದ ಬೆನ್ನಿಗೊಂದು ಬಿತ್ತು. ಒಸಿ ದೂರ ಹೋಗಿ ಇನ್ನೊಂದ್ಸಲ ಅಂದೆ, ಇನ್ನೊಂದು ಬಿತ್ತು.

ಅರ್ಧ ದಾರೀಲಿ, ಕೆಂಗಲ್ ಹತ್ರ ಬರ್ತಿದ್ದಂಗೇ ಗುರ್ರ್ರ್ ಅಂತು. ಈ ಸಲ ನಾನಲ್ಲ. ಮಾವ ತಿರುಗೂ ನೋಡದೆ, "ಲೇ, ಬಾಯ್ ಮುಚ್ಲಾ!" ಅಂದ್ರು.

ಮಾರೋನು ಸಿಕ್ಕಿದ್ದೇ ಸಾಕು ಅಂತ, "ಹುಡ್ಗ ಬೋ ಚೆನ್ನಾಗಿ ಮಾಡ್ತಾನೆ ಬುಡಿ" ಅಂದ.

ಅತ್ತೆ ಅಂಗೈಲಿ ನನ್ನ ಬಾಯಿ ಮುಚ್ಚಿದ್ರು. ಗುರ್ರ್ರ್. ಮೂಗೂ ಹಿಡಿದ್ರು. ಗುರ್ರ್ರ್.

"ಹುಡ್ಗನ ಬಾಯಿ, ಮೂಗು ಎರಡೂ ನನ್ ಕೈಲವೆ," ಅಂದ್ರು ಅತ್ತೆ, "ಈಗ ಗುರ್ ಅಂತಿರೋದ್ಯಾರಪ್ಪ?"

ಮಾರೋನು ಮೆಲ್ಲಗೆ ಕೈ ಚಾಚಿ, ಜೋರಾಗಿ ರೇಡಿಯೋ ಹಾಕಿದ.

"ತಿರುಗ್ಸಪ್ಪ ಗಾಡೀನ," ಅಂದ್ರು ಅತ್ತೆ, "ನಮ್ಮ ಹಸ ಹಾಲು ಕರೆಯೋ ಹೊತ್ತಾಯ್ತು."