ದೊಡ್ಡವ್ವ ಯಂತ್ರವನ್ನು ಪಾಸು ಮಾಡಿದ್ದು

ಸಾಕ್ಷಾತ್ ದೇವರೇ ಪ್ರತ್ಯಕ್ಷವಾದರೂ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಕೈಮುಗಿಯುವ ಹೆಂಗಸು ನಮ್ಮ ದೊಡ್ಡವ್ವ! ಅಷ್ಟು ಹೊತ್ತು ದೇವರು ನಿಂತಿರುತ್ತಾನೋ ಇಲ್ಲವೋ, ಅದು ಅವನ ಪಾಡು.

ಈಕೆ ನನ್ನ ಅವ್ವನ ಅಕ್ಕ, ಹರದನಹಳ್ಳಿಯವಳು. ಚಾಮರಾಜನಗರದ ಮಂಡಿಗಳಲ್ಲಿ ಮೂವತ್ತು ವರ್ಷ ಅರಿಶಿನ ಆರಿಸಿದವಳು. ಬೇಯಿಸಿ ಒಣಗಿಸಿದ ಅರಿಶಿನ ನೋಡಲು ಕಲ್ಲಿನಂತಿದ್ದರೂ ಒಳಗೆ ಹಸಿ ಉಳಿದಿದ್ದರೆ ಮೂಟೆಗೆ ಮೂಟೆಯೇ ಬೂಷ್ಟು ಹಿಡಿಯುತ್ತದೆ. ಅದನ್ನು ಕಂಡುಹಿಡಿಯುವುದರಲ್ಲಿ ಅವಳ ಹೆಬ್ಬೆರಳಿಗೆ ಸಮ ಇನ್ನೊಂದಿಲ್ಲ ಎಂದು ಸಾಹುಕಾರರೇ ಒಪ್ಪಿಕೊಂಡಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಲೋಕಕ್ಕೆ ಕ್ಷೇಮವಿತ್ತು. ಸಂತೆಮರಹಳ್ಳಿ ಸಂತೆಯಲ್ಲಿ ಅವಳು ಒಂದೊಂದೇ ಬದನೆಕಾಯಿ ಒತ್ತುತ್ತಾ ಕೂತರೆ, ಇದೇನು ಕೊಳ್ಳುವುದಕ್ಕೋ ನಾಡಿ ನೋಡುವುದಕ್ಕೋ ಎಂದು ವ್ಯಾಪಾರಿಗಳು ಕೇಳುತ್ತಿದ್ದರು. ನನ್ನನ್ನು ನೋಡಲು ಬಂದ ವರನ ತೋಳನ್ನೂ ಬಿಡಲಿಲ್ಲ! ಕಾಫಿ ಕೊಡುವ ನೆಪದಲ್ಲಿ ಒತ್ತಿ ನೋಡಿ, ಒಳಗೆ ಬಂದು ತೀರ್ಪು ಕೊಟ್ಟಳು: “ಮ್ಯಾಲೆ ಚೆಂದಾಗವ್ನೆ. ವಳ್ಗೆ ಇನ್ನೂ ಒಣ್ಗಿಲ್ಲ.” ನಾನು ಹಟ ಮಾಡಿ ಅವರನ್ನೇ ಮದುವೆಯಾದೆ. ಹದಿನಾರು ವರ್ಷವಾಯಿತು. ಇನ್ನೂ ಒಣಗುತ್ತಲೇ ಇದ್ದಾರೆ.

ಅವ್ವ ತೀರಿಕೊಂಡದ್ದು ಸ್ತನದ ಕ್ಯಾನ್ಸರಿನಿಂದ. ಹಾಗಾಗಿ ನಲವತ್ತಾದ ಮೇಲೆ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕೆಂದು ವೈದ್ಯರು ನನಗೆ ಹೇಳಿದ್ದರು. ನಾನು ತಪ್ಪಿಸಿಕೊಳ್ಳುತ್ತಲೇ ಬಂದೆ. ಗುಂಡ್ಲುಪೇಟೆಯ ಶಾಲೆಯಲ್ಲಿ ಪಾಠ ಮಾಡುವವಳಿಗೆ ನೆಪಕ್ಕೇನು ಬರವೇ? ಒಂದು ಸಲ ಪರೀಕ್ಷೆ, ಒಂದು ಸಲ ಗಣತಿ, ಇನ್ನೊಂದು ಸಲ ಬೆಕ್ಕು ಮರಿ ಹಾಕಿತ್ತು! ನಿಜ ಹೇಳಬೇಕೆಂದರೆ ಭಯ. ಅವ್ವನಿಗೆ ಬಂದದ್ದು ನನ್ನೊಳಗೂ ಕೂತಿದ್ದರೆ ಎಂಬ ಭಯ.

ಹೀಗಿರುವಾಗ ಚಾಮರಾಜನಗರದ ಒಂದು ಶಿಬಿರಕ್ಕೆ ಹೊಸ ಯಂತ್ರ ಬಂದಿದೆ ಎಂಬ ಸುದ್ದಿ ದೊಡ್ಡವ್ವನ ಕಿವಿಗೆ ಬಿತ್ತು. ಮೇಜಿನ ಮೇಲಿಟ್ಟುಕೊಳ್ಳುವಷ್ಟೇ ದೊಡ್ಡ ಅಯಸ್ಕಾಂತದ ಯಂತ್ರ. ಸ್ತನದಲ್ಲಿ ಕೊಬ್ಬೆಷ್ಟು, ನೀರಿನಂಶ ಹೆಚ್ಚಿರುವ ದಟ್ಟ ಭಾಗವೆಷ್ಟು ಎಂದು ಅಳೆಯುತ್ತದಂತೆ. ಎಕ್ಸ್‌ರೇ ಇಲ್ಲ, ಅದುಮುವುದಿಲ್ಲ. ಮರುದಿನವೇ ದೊಡ್ಡವ್ವ ಗುಂಡ್ಲುಪೇಟೆಯ ಬಸ್ಸಿಳಿದು, ಮುಖ್ಯೋಪಾಧ್ಯಾಯರಿಂದ ನನ್ನ ರಜೆಯನ್ನು ತಾನೇ ಕೇಳಿ ಪಡೆದು, ನನ್ನನ್ನು ಎಳೆದುಕೊಂಡು ಹೊರಟಳು. ಪುಣ್ಯಕ್ಕೆ ಮುಖ್ಯೋಪಾಧ್ಯಾಯರನ್ನು ಒತ್ತಿ ನೋಡಲಿಲ್ಲ.

ಶಿಬಿರದಲ್ಲಿ ಹೊಲಿಗೆ ಯಂತ್ರದಷ್ಟು ದೊಡ್ಡ ಪೆಟ್ಟಿಗೆ, ಪಕ್ಕದಲ್ಲೊಂದು ಲ್ಯಾಪ್‌ಟಾಪು, ಅದನ್ನು ನಡೆಸಲು ಒಬ್ಬಳು ಹುಡುಗಿ, ಆಚೆ ಕುರ್ಚಿಯಲ್ಲಿ ಒಬ್ಬರು ವೈದ್ಯೆ. ನಾನು ಒಳಗೆ ಹೋಗುವ ಮೊದಲೇ ದೊಡ್ಡವ್ವ ಅಡ್ಡ ನಿಂತಳು. ಈ ಯಂತ್ರ ನಿಜ ಹೇಳುತ್ತದೆಂದು ಯಾರು ನೋಡಿದ್ದಾರೆ? ಹುಡುಗಿ ಪಾಪ, ದಿನಾ ಬೆಳಿಗ್ಗೆ ಒಂದು ಎಣ್ಣೆ ಬಾಟಲಿ, ಒಂದು ನೀರಿನ ಬಾಟಲಿ ಇಟ್ಟು ಪರೀಕ್ಷೆ ಮಾಡುತ್ತೇವೆ ಎಂದಳು. ಬಾಟಲಿ ತುಂಬಿದವರೂ ನೀವೇ, ನೋಡುವವರೂ ನೀವೇ, ಇದ್ಯಾವ ಪರೀಕ್ಷೆ ಎಂದು ದೊಡ್ಡವ್ವ ಕೈಚೀಲದಿಂದ ಎರಡು ಅರಿಶಿನದ ಗಡ್ಡೆ ತೆಗೆದಿಟ್ಟಳು. ಎರಡೂ ಅವಳಿಜವಳಿಯಂತಿದ್ದವು.

“ಇದ್ರಲ್ಲಿ ಯಾವ್ದು ವಳ್ಗೆ ಹಸಿ, ಏಳ್ಲಿ ನಿಮ್ ಮಿಷಿನ್ನು. ಆಮ್ಯಾಕೆ ನಮ್ ಮಗೀನ ಕಳಿಸ್ತೀನಿ.”

ಮಗುವಿಗೆ ನಲವತ್ತೆರಡು! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ವೈದ್ಯೆಗೇ ಕುತೂಹಲ ಹುಟ್ಟಿ, ಆಗಲಿ ಎಂದರು. ಮೊದಲ ಗಡ್ಡೆಗೆ ಪರದೆಯ ಮೇಲಿನ ಗೆರೆ ಹೆಚ್ಚು ಕದಲಲಿಲ್ಲ. ಎರಡನೆಯದಕ್ಕೆ ಎದ್ದು ನಿಂತಿತು. ಇದರಲ್ಲಿ ನೀರಿದೆ ಎಂದಳು ಹುಡುಗಿ. ದೊಡ್ಡವ್ವ ಅದನ್ನು ಮೇಜಿನ ಅಂಚಿಗೆ ಕುಟ್ಟಿ ಮುರಿದಳು. ನಡುವೆ ಮೇಣದಂತೆ ಹಸಿ. “ಪಾಸು” ಎಂದಳು. ಆಮೇಲೂ ನನ್ನನ್ನು ಬಿಡದೆ, ಮೊದಲು ತಾನೇ ಹೋಗಿ ಅಳೆಸಿಕೊಂಡು ಬಂದಳು.

ನನ್ನದು ದಟ್ಟ ಎಂದು ಬಂತು. ಇದು ರೋಗವಲ್ಲ, ಆದರೆ ಇಂಥವರಲ್ಲಿ ಗಂಟಿದ್ದರೂ ಎಕ್ಸ್‌ರೇಯಲ್ಲಿ ಮರೆಯಾಗಬಹುದು, ಕೈಗೂ ಸುಲಭವಾಗಿ ಸಿಗುವುದಿಲ್ಲ, ಎಷ್ಟೋ ಸಲ ಇದು ತಾಯಿಯಿಂದ ಮಗಳಿಗೆ ಬರುತ್ತದೆ ಎಂದರು ವೈದ್ಯೆ. ಪಕ್ಕದ ಕೋಣೆಯಲ್ಲೇ ಸ್ಕ್ಯಾನಿಂಗ್ ಮಾಡಿಸಿದರು. ಅರ್ಧ ಗಂಟೆ ಹಿಡಿಯಿತು. ಏನೂ ಇರಲಿಲ್ಲ. ವರ್ಷ ಬಿಟ್ಟು ಬನ್ನಿ ಎಂದರು.

ಕುಣಿಯುತ್ತಾ ಹೊರಗೆ ಬಂದೆ. ಬೆಂಚಿನ ಮೇಲೆ ಕೂತಿದ್ದ ದೊಡ್ಡವ್ವ, ವೈದ್ಯೆ ಹೇಳಿದ್ದನ್ನೆಲ್ಲ ನನ್ನಿಂದ ಕೇಳಿಯೂ ನಗಲಿಲ್ಲ, ಏಳಲೂ ಇಲ್ಲ. ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

“ನಿಮ್ಮವ್ವ ಮೊದ್ಲು ತೋರ್ಸಿದ್ದು ನಂಗೇ ಕಣಮ್ಮಿ. ಯಾಕೋ ನೋಯ್ತದೆ, ನೋಡಕ್ಕ ಅಂದ್ಲು. ಒತ್ತಿ ನೋಡ್ದೆ. ಏನೂ ಇಲ್ಲ ಬುಡು ಅಂದ್ಬುಟ್ಟೆ. ನನ್ ಮಾತ್ ಕೇಳ್ಕಂಡು ಎಂಟ್ ತಿಂಗ್ಳು ಸುಮ್ಕಿದ್ಬುಟ್ಲು.”

ಇಷ್ಟು ವರ್ಷ ಈ ಮಾತನ್ನು ಯಾರಿಗೂ ಹೇಳದೆ ಹೊತ್ತಿದ್ದಳು. ನನಗೆ ಕೋಪ ಬರಬೇಕಿತ್ತೇನೋ, ಬರಲಿಲ್ಲ. ಪಕ್ಕದಲ್ಲಿ ಕೂತೆ.

“ಡಾಕ್ಟ್ರು ಏನಂದ್ರು ಅಂತ ಈಗ್ಲೇ ಹೇಳಿದ್ನಲ್ಲ ದೊಡ್ಡವ್ವ. ನಂದು ಅವ್ವನಿಂದ ಬಂದಿದ್ದು. ಅವಳ್ದೂ ಹಿಂಗೇ ಇತ್ತು. ಯಾರ್ ಕೈಗೂ ಸಿಕ್ತಿರ್ಲಿಲ್ಲ.”

“ದಿಟವಾ?”

ಅವ್ವನದು ಹೇಗಿತ್ತೆಂದು ಯಾರೂ ಅಳೆದಿರಲಿಲ್ಲ. ನನಗೇನು ಗೊತ್ತು? “ದಿಟ” ಎಂದೆ.

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಮಾತನ್ನು ಹಾಗೇ ನಂಬಿಬಿಟ್ಟಳು.