ಕೆಡದ ರೊಟ್ಟಿ, ಕೆಟ್ಟ ಸಂದೇಶ

ಕಾರ್ಯಾಲಯ, ಹಗರಿಬೊಮ್ಮನಹಳ್ಳಿ
(ಇಲಾಖೆಯ ಹೆಸರು ಮೊಹರಿನಲ್ಲಿ ಸವೆದಿದೆ)

ಸಂಖ್ಯೆ: ರೊಟ್ಟಿ/ವಾಟ್ಸಾಪ್/07/2024-25

ಉಲ್ಲೇಖ: 1) ಬಾಲ್ಯದಲ್ಲಿ ಹಂಚಿನ ಮೇಲಿನ ಜೋಳದ ರೊಟ್ಟಿಯಿಂದ ಏಳುತ್ತಿದ್ದ, ತುಸು ಸುಟ್ಟ ಹಿಟ್ಟಿನ ವಾಸನೆ (ಕಡತದಲ್ಲಿ ಲಭ್ಯವಿಲ್ಲ).
2) ಗುಮಾಸ್ತ ಹಾಲೇಶಪ್ಪನವರ ಧ್ವನಿ ಸಂದೇಶ.

ವಿಷಯ: ಹಂಪಮ್ಮನವರ ಖಡಕ್ ರೊಟ್ಟಿಯ ಬಗ್ಗೆ ಸಿಬ್ಬಂದಿ ನಂಬಿರುವುದನ್ನು ಹಿಂಪಡೆಯುವ ಕುರಿತು.

ಕಚೇರಿಯ ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹಂಪಮ್ಮನವರ ವ್ಯಾಪಾರವು ಉಲ್ಲೇಖ (2)ರ ನಂತರ ಬಹುತೇಕ ನಿಂತಿರುತ್ತದೆ. ಸದರಿ ಸಂದೇಶ: “ನೋಡ್ರಿ, ತಿಂಗಳಗಟ್ಲೆ ಇಟ್ರೂ ಕೆಡಂಗಿಲ್ಲ ಅಂದ್ರ ಅದ್ರಾಗ ಪ್ಲಾಸ್ಟಿಕ್ ಐತಿ. ಯಾರೂ ತಿನ್ನಬ್ಯಾಡ್ರಿ.” ಹಂಪಮ್ಮನವರ ಹೇಳಿಕೆ: “ಯಪ್ಪಾ, ನಿಮ್ಮವ್ವ ಬಟ್ಟ್ಯಾಗ ಕಟ್ಟಿ ಕಳಿಸಿದ್ದು ಕೆಟ್ಟಿತ್ತೇನು?” ಬುಟ್ಟಿ ಹೀಗೇ ತುಂಬಿ ಉಳಿದರೆ ಸೋಮವಾರದಿಂದ ಬರುವುದಿಲ್ಲವೆಂದೂ ಅವರು ತಿಳಿಸಿರುತ್ತಾರೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಕಳಿಸಿದವರು ನಮ್ಮವರು ಎಂಬುದನ್ನು ಪ್ರಯೋಗಾಲಯದ ವರದಿ ಎಂದು ಪರಿಗಣಿಸತಕ್ಕದ್ದಲ್ಲ. ಭಾವಮೈದುನ ಕಳಿಸಿದ್ದರೂ ಸಹ.

2. ಒಂದೇ ಸಂದೇಶವು ಕಚೇರಿ ಗುಂಪು, ಬೀಗರ ಗುಂಪು ಮತ್ತು ವಾಕಿಂಗ್ ಗುಂಪಿನಿಂದ ಬಂದರೆ ಅದನ್ನು ಒಂದೇ ಎಂದು ಎಣಿಸತಕ್ಕದ್ದು. ತಮ್ಮದೇ ಧ್ವನಿಯು ಹರಪನಹಳ್ಳಿಯ ಬೀಗರಿಂದ ಮರಳಿ ಬಂದಾಗ ಹಾಲೇಶಪ್ಪನವರು “ಅಲ್ಲೀಮಟ ಗೊತ್ತಾಗೈತಿ, ಅಂದ್ಮ್ಯಾಲ ಖರೇನ” ಎಂದು ಇನ್ನಷ್ಟು ದೃಢವಾಗಿ ನಂಬಿರುವುದನ್ನು ಗಮನಿಸಲಾಗಿದೆ. ಸ್ವಂತ ಧ್ವನಿಯನ್ನು ಗುರುತಿಸುವ ತರಬೇತಿಗೆ ಅವರನ್ನು ನಿಯೋಜಿಸಲಾಗಿದೆ.

3. ಸಂದೇಶಕ್ಕೆ ಹೆಬ್ಬೆರಳಿನ ಚಿತ್ರ ಒತ್ತುವ ಮುನ್ನ ರೊಟ್ಟಿ ತಿಂದಿರತಕ್ಕದ್ದು. ಒತ್ತುವ ಹೆಬ್ಬೆರಳಿಗೆ ಶೇಂಗಾ ಚಟ್ನಿ ಅಂಟಿರುವುದು ಕಡ್ಡಾಯ.

4. ತಾಯಂದಿರು ಊರಿನಿಂದ ಕಳಿಸಿದ, ಕೆಡದ ರೊಟ್ಟಿಗಳನ್ನೂ ಪ್ಲಾಸ್ಟಿಕ್ ಪರೀಕ್ಷೆಗೆ ಒಪ್ಪಿಸಲು ಕೋರಲಾಗಿತ್ತು. ಯಾರೂ ಒಪ್ಪಿಸಿರುವುದಿಲ್ಲ. ಡಬ್ಬಿಗಳು ಮಾತ್ರ ಖಾಲಿಯಾಗಿರುತ್ತವೆ.

5. ಅಟೆಂಡರ್ ರಮಾ ಅವರು “ಕೊಟ್ಟೂರಿಂದ ಬೀಗರು ಬಂದಾರ” ಎಂದು ಹೇಳಿ, ಉಳಿದ ರೊಟ್ಟಿಯಲ್ಲಿ ಕೈಲಾದಷ್ಟನ್ನು ಪ್ರತಿ ಸಂಜೆ ಕೊಳ್ಳುತ್ತಿದ್ದಾರೆ. ವಿಚಾರಣೆಯಲ್ಲಿ ಬೀಗರು ಕಂಡುಬಂದಿಲ್ಲ. ಇದೂ ಸುಳ್ಳು ಮಾಹಿತಿಯೇ ಆದರೂ ಕ್ರಮದಿಂದ ವಿನಾಯಿತಿ ನೀಡಲಾಗಿದೆ.

ಸಹಿ/-
ಪ್ರಭಾರ ಅಧಿಕಾರಿ
(ಊಟದ ವಿರಾಮಕ್ಕೆ ಒಳಪಟ್ಟು)

ಪ್ರತಿಗಳು:

1. ಸೂಚನಾ ಫಲಕಕ್ಕೆ.

2. ಕಚೇರಿ ವಾಟ್ಸಾಪ್ ಗುಂಪಿಗೆ (ಎಂದಿನಂತೆ ಓದದೆ ಮುಂದಕ್ಕೆ ಕಳಿಸುವರೆಂಬ ಭರವಸೆಯಿಂದ).

3. ಕೊಟ್ಟೂರಿನ ಬೀಗರಿಗೆ, ಇದ್ದಲ್ಲಿ.

4. ಶ್ರೀ ಹಾಲೇಶಪ್ಪನವರಿಗೆ. ಪ್ರತಿ ತಲುಪಿಸುವಾಗ ಸದರಿಯವರು ಡಬ್ಬಿ ಮರೆತು ಬಂದು ಗೇಟಿನ ಬಳಿ ನಿಂತಿದ್ದರು. ಹಂಪಮ್ಮನವರು ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು, ಮೇಲೆ ಬದನೆಕಾಯಿ ಪಲ್ಯ ಇಟ್ಟು ಕೊಟ್ಟರು. ಎರಡೂ ಕೈ ಖಾಲಿ ಇಲ್ಲದ ಕಾರಣ ಸ್ವೀಕೃತಿಯ ಸಹಿ ಪಡೆದಿರುವುದಿಲ್ಲ.